ಕಂಡವರ ಮೊಣಕಾಲು

ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಪ್ರಸಿದ್ಧ ಆಟಗಾರನೊಬ್ಬ ಗಾಯಗೊಂಡು ಮಲಗಿದಾಗ ನಮ್ಮ ಅಭಿಮಾನಿಗಳು ನಡೆಸುವ ಚರ್ಚೆಯನ್ನು ಕೇಳುವಾಗಲೆಲ್ಲ ನನಗೆ ಈ ಗಾದೆಯೇ ನೆನಪಿಗೆ ಬರುತ್ತದೆ. ಪೀಣ್ಯದ ಚಹಾ ಅಂಗಡಿಯ ಮುಂದೆ ಪಾಳಿ ಮುಗಿಸಿ ನಿಂತ ಕಾರ್ಮಿಕರಲ್ಲಿಯೂ, ವೈಟ್‌ಫೀಲ್ಡಿಗೆ ಹೋಗುವ ಮೆಟ್ರೋದಲ್ಲಿ ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ತರುಣರಲ್ಲಿಯೂ ಈ ಚರ್ಚೆಯ ಧಾಟಿ ಒಂದೇ. ಯಾವಾಗ ವಾಪಸ್ಸು ಬರುತ್ತಾನೆ? ಮೊದಲಿನ ಹಾಗೆ ಆಡಬಲ್ಲನೆ? ಛಲವಿದ್ದರೆ ಆರು ತಿಂಗಳು ಸಾಕಲ್ಲವೆ? ಮೊಣಕಾಲಿನೊಳಗೆ ಏನಿದೆ ಎಂಬುದನ್ನು ಅರಿಯದವರೂ ಅದು ಗುಣವಾಗುವ ತಾರೀಖನ್ನು ಮಾತ್ರ ಪಂಚಾಂಗ ನೋಡಿದಷ್ಟು ಖಚಿತವಾಗಿ ಹೇಳಿಬಿಡುತ್ತಾರೆ.

ಇದು ಯಾರಿಗೂ ಕೇಡಿಲ್ಲದ ಹರಟೆಯೆಂದು ಹಲವರು ನನ್ನನ್ನು ಸಮಾಧಾನಪಡಿಸಿದ್ದಾರೆ. ನಾನು ಒಪ್ಪಲಾರೆ. ಈ ಹರಟೆಯ ಹೊಟ್ಟೆಯಲ್ಲಿ ಒಂದು ಸುಳ್ಳಿದೆ. ಹರಿದ ಕಾಲನ್ನು ಕೂಡಿಸುವುದು ಛಲ ಎಂಬ ಸುಳ್ಳು. ಅದು ಆಟಗಾರನಿಗೆ ಮಾಡುವ ಹಾನಿ ಒಂದು ಪಾಲಾದರೆ, ಅವನ ಕಥೆ ಕೇಳಿ ತನ್ನ ಕಾಲನ್ನು ಅಳೆದುಕೊಳ್ಳುವ ಸಾಮಾನ್ಯ ಮನುಷ್ಯನಿಗೆ ಮಾಡುವ ಹಾನಿ ಹತ್ತು ಪಾಲು.

ಎಲ್ಲರಿಗೂ ತಿಳಿದಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 2022ರ ಡಿಸೆಂಬರ್ 30ರ ಬೆಳಗಿನ ಜಾವ ರಿಷಭ್ ಪಂತ್ ಅವರ ಕಾರು ರೂರ್ಕಿಯ ಬಳಿ ರಸ್ತೆ ವಿಭಜಕಕ್ಕೆ ಅಪ್ಪಳಿಸಿ ಹೊತ್ತಿ ಉರಿಯಿತು. ಬಲ ಮೊಣಕಾಲಿನ ಅಸ್ಥಿರಜ್ಜುಗಳು ಹರಿದಿದ್ದವು. 2023ರ ಜನವರಿ ಮೊದಲ ವಾರದಲ್ಲಿ ಅವರನ್ನು ವಿಮಾನದಲ್ಲಿ ಮುಂಬಯಿಗೆ ಸಾಗಿಸಿ ಶಸ್ತ್ರಚಿಕಿತ್ಸೆ ಮಾಡಲಾಯಿತು. ಆಮೇಲೆ ಅವರು ನಮ್ಮ ಬೆಂಗಳೂರಿಗೇ ಬಂದು, ಆಗ ಚಿನ್ನಸ್ವಾಮಿ ಕ್ರೀಡಾಂಗಣದ ಆವರಣದಲ್ಲಿದ್ದ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ನಡಿಗೆಯಿಂದ ಮೊದಲ್ಗೊಂಡು ಎಲ್ಲವನ್ನೂ ಹೊಸದಾಗಿ ಕಲಿತರು. ಮತ್ತೆ ಪಂದ್ಯವಾಡಿದ್ದು 2024ರ ಮಾರ್ಚ್ 23ರಂದು, ಅಂದರೆ ಹತ್ತಿರ ಹತ್ತಿರ 15 ತಿಂಗಳ ನಂತರ. ಅದೇ ವರ್ಷ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಅವರಿದ್ದರು.

ಈ ಕಥೆಯಿಂದ ನಮ್ಮ ಜನ ತೆಗೆದ ನೀತಿ ಏನು? "ಮನಸ್ಸಿದ್ದರೆ ಮಾರ್ಗ." ಆ ತರುಣನ ಮನೋಬಲವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಲೆಕ್ಕವನ್ನು ಪೂರ್ತಿ ಬರೆಯಬೇಕಲ್ಲವೆ? ಮೊದಲಿಗೆ ಅವರ ನೆರವಿಗೆ ಓಡಿ ಬಂದವರು ಹರಿಯಾಣದ ಸರ್ಕಾರಿ ಬಸ್ಸಿನ ಚಾಲಕ ಮತ್ತು ನಿರ್ವಾಹಕ. ಚಿಕಿತ್ಸೆಯ ಹೊಣೆ ಹೊತ್ತದ್ದು ಕ್ರಿಕೆಟ್ ಮಂಡಳಿ. 2023ರ ಮಾರ್ಚ್ ತಿಂಗಳಲ್ಲಿ, ಅವರು ಇನ್ನೂ ಊರುಗೋಲು ಹಿಡಿದಿದ್ದ ಕಾಲದಲ್ಲಿ, ಮಂಡಳಿಯು ಅವರ ಹೆಸರನ್ನು ವರ್ಷಕ್ಕೆ 5 ಕೋಟಿ ರೂಪಾಯಿಯ 'ಎ' ದರ್ಜೆಯ ಒಪ್ಪಂದದಲ್ಲಿ ಸೇರಿಸಿತು. ಉಪಚರಿಸಲು ತಜ್ಞರು, ಕಾಲನ್ನು ಬಲಪಡಿಸಲು ಯಂತ್ರಗಳು, ಈಜುಕೊಳ, ಎಲ್ಲಕ್ಕಿಂತ ಮಿಗಿಲಾಗಿ "ಅವಸರವಿಲ್ಲ" ಎನ್ನುವ ಒಂದು ವ್ಯವಸ್ಥೆ. ತಮ್ಮ ನೆಲದಲ್ಲಿಯೇ ನಡೆದ 2023ರ ವಿಶ್ವಕಪ್ ಕೂಡ ಅವರಿಲ್ಲದೆ ಸಾಗಿಹೋಯಿತು. ಗುಣಪಡಿಸಿದ್ದು ಈ 15 ತಿಂಗಳುಗಳು. ಛಲವು ಆ ತಿಂಗಳುಗಳನ್ನು ತಾಳಿಕೊಳ್ಳಲು ನೆರವಾಯಿತು, ಅಷ್ಟೆ.

ಮೊಣಕಾಲಿನ ಧರ್ಮವೇ ಅಂಥದು. ಒಳಗಿನ ಮುಖ್ಯ ಅಸ್ಥಿರಜ್ಜು ಪೂರ್ತಿ ಹರಿದರೆ ಅದು ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲ. ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಒಂದು ಎಳೆಯನ್ನು ತೆಗೆದು, ಮೂಳೆಯಲ್ಲಿ ರಂಧ್ರ ಕೊರೆದು ವೈದ್ಯರು ಅದನ್ನು ಅಲ್ಲಿ ನೆಡುತ್ತಾರೆ. ನೆಟ್ಟ ಸಸಿ ಬೇರು ಬಿಡುವ ಮುನ್ನ ಬಾಡುವಂತೆ, ಈ ಎಳೆಯೂ ಮೊದಲ ಕೆಲವು ತಿಂಗಳಲ್ಲಿ ದುರ್ಬಲಗೊಂಡು, ರಕ್ತನಾಳಗಳು ಹಬ್ಬಿದ ಮೇಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಇದರಲ್ಲಿನ ಮೋಸ ಎಲ್ಲಿದೆಯೆಂದರೆ, ನೋವು ಮಾತ್ರ ಬಹು ಬೇಗ ಹೋಗಿಬಿಡುತ್ತದೆ. ಮೂರನೆಯ ತಿಂಗಳಿಗೆ ನಡಿಗೆ ಸರಾಗ, ನಾಲ್ಕನೆಯದಕ್ಕೆ ಮೆಟ್ಟಿಲು ಸುಲಭ. ಮನುಷ್ಯನಿಗೆ ತಾನು ಗುಣಮುಖನಾದೆನೆಂಬ ಭ್ರಮೆ. ಒಳಗಿನ ಎಳೆ ಇನ್ನೂ ಹಸಿ. ತಿರುಗಿ ಓಡುವ, ನೆಗೆದು ಇಳಿಯುವ ಆಟಗಳಿಗೆ ಕನಿಷ್ಠ ಒಂಬತ್ತು ತಿಂಗಳು ಕಾಯಬೇಕೆಂದೂ, ಗಾಯಗೊಂಡ ಕಾಲು ಮತ್ತೊಂದು ಕಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಬಲ ಪಡೆದಿರಬೇಕೆಂದೂ ತಜ್ಞರು ಹೇಳುವುದು ಇದಕ್ಕಾಗಿಯೇ.

ಅವಸರದ ಫಲವನ್ನು ನಾವು ನೋಡಿಲ್ಲವೆ? ಜಸ್‌ಪ್ರೀತ್ ಬೂಮ್ರಾ ಅವರ ಬೆನ್ನಿನ ಪ್ರಸಂಗ ತೀರ ಹಳೆಯದೇನಲ್ಲ. 2022ರಲ್ಲಿ ಬೆನ್ನುನೋವಿನಿಂದ ಏಷ್ಯಾ ಕಪ್ ತಪ್ಪಿಸಿಕೊಂಡ ಅವರು ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ವಿರುದ್ಧ ಎರಡು ಪಂದ್ಯ ಆಡಿದರು. ಅಕ್ಟೋಬರ್ ಆರಂಭದಲ್ಲಿಯೇ ವಿಶ್ವಕಪ್‌ನಿಂದ ಹೊರಬಿದ್ದರು. 2023ರ ಜನವರಿಯಲ್ಲಿ ಮತ್ತೆ ತಂಡಕ್ಕೆ ಹೆಸರು ಸೇರಿಸಿ, ಮತ್ತೆ ಹಿಂತೆಗೆಯಲಾಯಿತು. ಕೊನೆಗೆ ಆ ವರ್ಷದ ಮಾರ್ಚ್‌ನಲ್ಲಿ ನ್ಯೂಜಿಲೆಂಡಿನಲ್ಲಿ ಶಸ್ತ್ರಚಿಕಿತ್ಸೆ. ಆಗಸ್ಟ್ 18ರಂದು ಡಬ್ಲಿನ್‌ನಲ್ಲಿ ಪುನರಾಗಮನ. ವೈಟ್‌ಫೀಲ್ಡಿನಲ್ಲಿ ರಾತ್ರಿಯೆಲ್ಲ ಅಮೆರಿಕದವರಿಗಾಗಿ ದುಡಿಯುವ ನಮ್ಮ ಹುಡುಗರಿಗೆ ಆ ದೇಶದ ಫುಟ್‌ಬಾಲ್ ಕೂಡ ಪರಿಚಯವಿರಬಹುದು. ಅಲ್ಲಿ ತಂಡದ ಇಡೀ ದಾಳಿಯನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ವಾಷಿಂಗ್ಟನ್ ತಂಡದ ರಾಬರ್ಟ್ ಗ್ರಿಫಿನ್ ಎಂಬ ಅಂಥ ತಾರೆ, ಮೊದಲೇ ನೊಂದಿದ್ದ ಮೊಣಕಾಲಿಗೆ ಪಟ್ಟಿ ಬಿಗಿದು 2013ರ ಜನವರಿ 6ರಂದು ಆಡಲಿಳಿದು, ಅದೇ ಕಾಲನ್ನು ಪೂರ್ತಿ ಕೆಡಿಸಿಕೊಂಡರು. ಎಂಟು ತಿಂಗಳಲ್ಲಿ, ಹೊಸ ಋತುವಿನ ಮೊದಲ ಪಂದ್ಯಕ್ಕೇ, ಮರಳಿದರು. ಬೂಟು ಮಾರುವ ಕಂಪನಿಯೊಂದು ಅವರ ಈ ಹಠವನ್ನೇ ಜಾಹೀರಾತಾಗಿಸಿತ್ತು. ಹಿಂದಿನ ವರ್ಷ ಅತ್ಯುತ್ತಮ ಹೊಸಬನೆಂಬ ಪ್ರಶಸ್ತಿ ಪಡೆದಿದ್ದ ಆ ಆಟ ಮಾತ್ರ ಮರಳಿ ಬರಲಿಲ್ಲ. ಅವಸರವೇ ಅಪಘಾತಕ್ಕೆ ಕಾರಣ ಎಂದು ನಮ್ಮ ಹೆದ್ದಾರಿಗಳ ಬದಿಯಲ್ಲಿ ಬರೆಸಿಟ್ಟಿದ್ದಾರೆ. ಕ್ರೀಡಾಂಗಣಗಳ ಬಾಗಿಲಿಗೂ ಅದೇ ಫಲಕ ಹಾಕಿದರೆ ತಪ್ಪಿಲ್ಲ.

ನಮ್ಮವರೇ ಆದ ಕೆ.ಎಲ್. ರಾಹುಲ್ ಅವರನ್ನಾದರೂ ನಾವು ಬಿಟ್ಟೆವೆ? 2023ರ ಮೇ 1ರಂದು ಲಖನೌದಲ್ಲಿ ಚೆಂಡನ್ನು ಬೆನ್ನಟ್ಟಿ ಓಡುವಾಗ ಅವರ ತೊಡೆಗೆ ಪೆಟ್ಟಾಯಿತು, ಶಸ್ತ್ರಚಿಕಿತ್ಸೆಯಾಯಿತು. ಸೆಪ್ಟೆಂಬರ್‌ನ ಏಷ್ಯಾ ಕಪ್‌ಗೆ ಅವರನ್ನು ಆರಿಸಿದಾಗ ಎದ್ದ ಕೂಗು ನೆನಪಿರಬಹುದು: ಅರ್ಧ ಗುಣವಾದವನಿಗೆ ಸ್ಥಾನವೇಕೆ? ಸೆಪ್ಟೆಂಬರ್ 11ರಂದು ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಅವರು ಅಜೇಯ 111 ರನ್ ಪೂರೈಸಿದ ಸಂಜೆ ಅದೇ ಬಾಯಿಗಳು ಜಯಕಾರ ಹಾಕಿದವು. ಬೈದಾಗಲೂ ಹೊಗಳಿದಾಗಲೂ ಆ ತೊಡೆ ಹೇಗಿದೆಯೆಂದು ಕೇಳಿದವರನ್ನು ನಾನು ಕಾಣಲಿಲ್ಲ. ಇನ್ನೂ ಹಿಂದೆ, 2001ರಲ್ಲಿ ಅನಿಲ್ ಕುಂಬ್ಳೆ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಆಸ್ಟ್ರೇಲಿಯಾ ಸರಣಿ ತಪ್ಪಿಸಿಕೊಂಡಾಗ "ಇವರ ಕಾಲ ಮುಗಿಯಿತು" ಎಂದು ನನ್ನ ಮುಂದೆಯೇ ಷರಾ ಬರೆದವರಿದ್ದರು. ಅವರು ಟೆಸ್ಟ್‌ಗಳಲ್ಲಿ ಪಡೆದ 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಆ ಶಸ್ತ್ರಚಿಕಿತ್ಸೆಯ ನಂತರ.

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ವಿಷಯಕ್ಕೆ ಬರುತ್ತೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ, ತಾರೆಯ ಗಾಯದ ಕಥೆಯಿಂದ ಬರೆ ಬೀಳುತ್ತಿರುವುದು ನಮ್ಮ ಹೊರವಲಯದ ಮಕ್ಕಳಿಗೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ ಈಗ ಕೃತಕ ಹುಲ್ಲಿನ ಅಂಕಣಗಳು ಎದ್ದಿವೆ. ವಾರವಿಡೀ ಕುರ್ಚಿಗೆ ಅಂಟಿಕೊಂಡಿದ್ದ ತರುಣರು ಶನಿವಾರ ರಾತ್ರಿ ಮೈ ಕಾಯಿಸಿಕೊಳ್ಳದೆಯೇ ಫುಟ್‌ಬಾಲ್ ಆಡಲು ಧುಮುಕುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆಯೇ ಮೊಣಕಾಲಿನ ಎಳೆ ಹರಿದುಕೊಂಡು, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಐದನೆಯ ತಿಂಗಳಿಗೆ ಮತ್ತೆ ಅಂಕಣಕ್ಕಿಳಿದ. "ಸರ್, ನೋವೇ ಇಲ್ಲ. ಪಂತ್ ಬರಲಿಲ್ಲವೆ?" ಎಂದ. ಪಂತ್ ಬಂದದ್ದು ಐದು ತಿಂಗಳಿಗಲ್ಲ ಎಂದು ಲೆಕ್ಕ ಹೇಳಿಕೊಟ್ಟೆ. ಕೇಳಲಿಲ್ಲ. ಆರನೆಯ ತಿಂಗಳಿಗೆ ಅದೇ ಮೊಣಕಾಲಿಗೆ ಎರಡನೆಯ ಶಸ್ತ್ರಚಿಕಿತ್ಸೆ. ಅವನ ಕಚೇರಿಯ ವಿಮೆ ಎರಡು ಸಲವೂ ಹಣ ಕಟ್ಟಿತು. ಅವನು ಪುಣ್ಯವಂತ.

ಪೀಣ್ಯದಲ್ಲಿ ಅಂಥ ಪುಣ್ಯ ಎಲ್ಲರಿಗಿಲ್ಲ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಲೇಥ್ ನಡೆಸುವ ಇನ್ನೊಬ್ಬ ಶಿಷ್ಯ, ಭಾನುವಾರದ ಕಬಡ್ಡಿಯಲ್ಲಿ ಇದೇ ಗಾಯ ಮಾಡಿಕೊಂಡ. ದಿನಕ್ಕೆ ಎಂಟು ಗಂಟೆ ನಿಂತು ಮಾಡುವ ಕೆಲಸ. ಕಾರ್ಮಿಕ ರಾಜ್ಯ ವಿಮೆ, ಎಂದರೆ ನಾವೆಲ್ಲ ಇ.ಎಸ್.ಐ. ಎನ್ನುವ ವ್ಯವಸ್ಥೆ, ಅವನಿಗಿತ್ತು. ಆಸ್ಪತ್ರೆಯ ಖರ್ಚನ್ನು ಅದು ನೋಡಿಕೊಂಡಿತು. ಆದರೆ ಕೆಲಸದ ಹೊತ್ತಿನಲ್ಲಿ ಆಗದ ಗಾಯಕ್ಕೆ ಅದು ಕೊಡುವ ಅನಾರೋಗ್ಯ ಭತ್ಯೆ ಕೂಲಿಯ ನೂರಕ್ಕೆ 70ರಷ್ಟು, ವರ್ಷಕ್ಕೆ ಹೆಚ್ಚೆಂದರೆ 91 ದಿನ. ನೆಟ್ಟ ಎಳೆ ಇನ್ನೂ ಹಸಿಯಾಗಿರುವ ಆ ಮೂರನೆಯ ತಿಂಗಳಿಗೆ ಸರಿಯಾಗಿ ಭತ್ಯೆ ಮುಗಿಯುತ್ತದೆ! ಕುಳಿತು ಮಾಡುವ ಕೆಲಸವೇನಾದರೂ ಇದೆಯೇ ಎಂದು ಅವನು ಕೇಳಿದಾಗ ಮೇಲ್ವಿಚಾರಕ ಹೇಳಿದನಂತೆ: "ಕಾರು ಸುಟ್ಟುಹೋದವನೇ ಎದ್ದು ಬಂದು ಸಿಕ್ಸರ್ ಹೊಡೆಯುತ್ತಿದ್ದಾನೆ, ನಿನಗೇನಾಗಿದೆ ಧಾಡಿ?" ಚಹಾ ಅಂಗಡಿಯ ಹರಟೆ ಕಾರ್ಖಾನೆಯ ಕಾನೂನಾಗುವುದು ಹೀಗೆ. ಆ ಹುಡುಗ ಈಗ ಕುಂಟುತ್ತಾನೆ. ಪೆಟ್ಟಾದ ಮಾತ್ರಕ್ಕೆ ಅಲ್ಲ. ಗುಣವಾಗಲು ಬಿಡದ ಕಾರಣಕ್ಕೆ.

"ಮೇಷ್ಟ್ರೇ, ಹಾಗಾದರೆ ಧೈರ್ಯಕ್ಕೆ ಬೆಲೆಯೇ ಇಲ್ಲವೆ?" ಎಂದು ಕೇಳುವವರಿದ್ದಾರೆ. ಇದೆ. ಆದರೆ ನಾವು ಯಾವುದಕ್ಕೆ ಚಪ್ಪಾಳೆ ತಟ್ಟುತ್ತೇವೆಂದು ನೋಡಿ. 2024ರ ಅಕ್ಟೋಬರ್‌ನಲ್ಲಿ ಚಿನ್ನಸ್ವಾಮಿ ಅಂಗಳದಲ್ಲಿ ನ್ಯೂಜಿಲೆಂಡ್ ವಿರುದ್ಧ ವಿಕೆಟ್ ಹಿಂದೆ ನಿಂತಿದ್ದಾಗ ಪಂತ್ ಅವರ ಅದೇ ಮೊಣಕಾಲಿಗೆ ಚೆಂಡು ಬಡಿಯಿತು. ತಂಡದವರು ಅವರನ್ನು ಒಳಗೆ ಕಳುಹಿಸಿ, ಧ್ರುವ್ ಜುರೆಲ್ ಕೈಗೆ ಗ್ಲೌಸ್ ಕೊಟ್ಟರು. ಎರಡನೆಯ ಸರದಿಯಲ್ಲಿ ಪಂತ್ 99 ರನ್ ಹೊಡೆದರು. ಆ 99ನ್ನು ಊರೆಲ್ಲ ಹಾಡಿ ಹೊಗಳಿತು; ಗ್ಲೌಸ್ ಬಿಚ್ಚಿಸಿದ ವಿವೇಕವನ್ನು ಯಾರೂ ಮೆಚ್ಚಲಿಲ್ಲ. 2025ರ ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪಾದದ ಮೂಳೆ ಮುರಿದಿದ್ದರೂ ಅವರು ಕುಂಟುತ್ತ ಬಂದು ಅರ್ಧ ಶತಕ ಪೂರೈಸಿದಾಗ ನಾವು ಎದ್ದು ನಿಂತು ಚಪ್ಪಾಳೆ ತಟ್ಟಿದೆವು. ಅದು ಅವರ ಆಯ್ಕೆ, ಅವರ ಕಾಲು. ಆದರೆ ಅದನ್ನು ಎಲ್ಲರ ಪಾಲಿನ ಆದರ್ಶವೆಂದು ಸಾರುವುದು ಅಪಚಾರ. ಗಂಭೀರ ಗಾಯವಾದವನ ಬದಲಿಗೆ ಇನ್ನೊಬ್ಬನನ್ನು ಆಡಿಸುವ ನಿಯಮವನ್ನು ಕ್ರಿಕೆಟ್ ಮಂಡಳಿಯೇ ಮುಂದಿನ ತಿಂಗಳು ದೇಶೀಯ ಪಂದ್ಯಗಳಿಗೆ ತಂದಿತು. ಚಪ್ಪಾಳೆಗಿಂತ ಆ ನಿಯಮ ದೊಡ್ಡದು.

"ಟಿಕೆಟ್ಟಿಗೆ ಹಣ ಕೊಟ್ಟಿದ್ದೇವೆ, ಕೇಳುವ ಹಕ್ಕಿದೆ" ಎಂಬುದು ಮತ್ತೊಂದು ವಾದ. ಟಿಕೆಟ್ಟಿನ ಹಣ ಆಟಕ್ಕೆ ಸಂದಿದೆ. ಆಟಗಾರನ ಎಲುಬಿಗೆ ಅಲ್ಲ. ಪ್ರೀತಿಯಿಂದಲೇ ಕೇಳುತ್ತೇವೆ ಎಂದರೆ, ಪ್ರೀತಿಸುವವರು ಕೇಳುವ ಪ್ರಶ್ನೆ "ಯಾವಾಗ ಬರುತ್ತೀ" ಎಂಬುದಲ್ಲ, "ಹೇಗಿದ್ದೀ" ಎಂಬುದು. ನಮ್ಮ ಮನೆಯ ಮಗು ಬಿದ್ದಾಗ ನಾವು ಹಾಗೆಯೇ ಕೇಳುತ್ತೇವೆ.

ಈಗ ಆ ಅಕಾಡೆಮಿ ವಿಮಾನ ನಿಲ್ದಾಣದ ಬಳಿಯ ವಿಶಾಲ ಆವರಣಕ್ಕೆ ಹೋಗಿದೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಉದ್ಘಾಟನೆಯಾಯಿತು. ದೇಶದ ದೊಡ್ಡ ದೊಡ್ಡ ಮೊಣಕಾಲುಗಳು ಅಲ್ಲಿ ಗುಣವಾಗುತ್ತವೆ. ಸಂತೋಷ. ಅದೇ ಊರಿನ ಪೀಣ್ಯದ ಮೊಣಕಾಲಿಗೆ 91 ದಿನ ಸಾಲದು ಎಂಬುದನ್ನು ಕುರಿತು ಅಷ್ಟೇ ಆಸಕ್ತಿಯಿಂದ ಒಂದು ಸಂಜೆ ಚರ್ಚಿಸೋಣ. ಅಂಕಣ ನಡೆಸುವವರು ಶಸ್ತ್ರಚಿಕಿತ್ಸೆಯಾದವನಿಂದ ವೈದ್ಯರ ಚೀಟಿ ಕೇಳಲಿ. ಮೇಲ್ವಿಚಾರಕರು ಗಾಯಗೊಂಡವನಿಗೆ ಕೆಲವು ತಿಂಗಳು ಒಂದು ಸ್ಟೂಲು ಹಾಕಿಕೊಡಲಿ; ಅದಕ್ಕೆ ಐದು ಕೋಟಿ ಬೇಕಾಗಿಲ್ಲ. ಮತ್ತು ಮುಂದಿನ ಸಲ ಯಾವನಾದರೂ ತಾರೆ ನೆಲಕ್ಕೆ ಬಿದ್ದಾಗ, ಅವನು ಏಳುವ ತಾರೀಖನ್ನು ಹೇಳುವ ಮುನ್ನ, ಆ ಮಾತು ಯಾರ ಬೆನ್ನಿಗೆ ಬೀಳಲಿದೆ ಎಂಬುದನ್ನು ಒಂದು ಕ್ಷಣ ಯೋಚಿಸಿ.