ಔಷಧವೆಂಬ ಸುಳ್ಳು ಬೇಡ

"ಅಕ್ಕೋರ, ಇದು ದಾರೂ ಅಲ್ರೀ. ಇಟಲಿಯ ಕೆಂಪು ವೈನು. ಹೃದಯಕ್ಕ ಚಲೋ" ಎಂದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಳಗಾವಿಯ ತನ್ನ ಮನೆಯಲ್ಲಿ ಗ್ಲಾಸು ಮುಂದೆ ಹಿಡಿದಳು. ಆ ಕೊನೆಯ ಮಾತಿಗೆ ನನ್ನ ತಕರಾರಿದೆ.

ಇಟಲಿಯವರ ರಸಿಕತೆಯನ್ನು ನಾನು ಹೀಗಳೆಯುವುದಿಲ್ಲ. ಕಿಯಾಂಟಿ ಎಂಬುದು ಟಸ್ಕನಿಯ ಒಂದು ಸೀಮೆಯ ಹೆಸರು. ಆ ವೈನಿನ ಗಡಿಯನ್ನು ಅಲ್ಲಿನ ಅರಸು ಮೂರನೆಯ ಕೊಸಿಮೊ 1716ರಲ್ಲೇ ಗೊತ್ತುಮಾಡಿದ. ಅದರ ಮುಖ್ಯ ದ್ರಾಕ್ಷಿ ಸಾಂಜೊವೇಸೆಯನ್ನು ಈಗ ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಬೆಳೆಯುತ್ತಾರೆ. ಬಣ್ಣ ನೋಡಿ, ಮೂಸಿ, ಒಂದು ಗುಟುಕನ್ನು ನಾಲಿಗೆಯ ಮೇಲೆ ಹೊರಳಿಸಿ, ಹುಳಿ ಯಾವುದು, ಒಗರು ಯಾವುದು ಎಂದು ಬಿಡಿಸಿ ಹೇಳುವುದು ವಿದ್ಯೆಯೇ ಸರಿ. ಆದರೆ ಆ ವಿದ್ಯೆ ಬಲ್ಲವರು ರುಚಿ ನೋಡಿ ಉಗುಳುತ್ತಾರೆ! ನುಂಗುತ್ತ ಹೋದರೆ ತಲೆಯೂ ನಾಲಿಗೆಯೂ ಮಂಕಾಗುತ್ತವೆಂದು ಅವರಿಗೆ ಗೊತ್ತು.

ಆ ವೈನಿನಲ್ಲಿ ನೂರಕ್ಕೆ ಸುಮಾರು 12ರಿಂದ 14ರಷ್ಟು ಮದ್ಯಸಾರವಿದೆ. ಎಷ್ಟೇ ಕಡಿಮೆ ಕುಡಿದರೂ ಮದ್ಯ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹೆಂಗಸರ ಸ್ತನ ಕ್ಯಾನ್ಸರಿಗೆ ಅದೂ ಒಂದು ಕಾರಣ.

ನಮ್ಮ ಪಾರಿಶ್ವಾಡದಲ್ಲಿ ಕೂಲಿಯವನು ಕುಡಿದರೆ ಚಟ. ಪೇಟೆಯಲ್ಲಿ ನಾವು ಕುಡಿದರೆ ಔಷಧವೇ? ಕುಡಿಯುವವರು ರುಚಿಗೆಂದೇ ಕುಡಿದೆವೆನ್ನಲಿ. ಔಷಧವೆಂಬ ಸುಳ್ಳನ್ನು ಮಾತ್ರ ಅಕ್ಕತಂಗಿಯರಿಗೆ ಹಂಚುವುದು ಬೇಡ.