ಮರಗೆಲಸದ ಕೊಟ್ಟಿಗೆಗೆ ಟ್ಯಾಬ್ ಬರಲಿ, ಕನ್ನಡದೊಡನೆ ಬರಲಿ

2020ನೇ ಇಸವಿಯ ಜೂನ್ ತಿಂಗಳನ್ನು ನಮ್ಮ ಜಿಲ್ಲೆಯ ಹೆತ್ತವರು ಸುಲಭದಲ್ಲಿ ಮರೆಯಲಾರರು. ಶಾಲೆಗಳ ಬಾಗಿಲು ತೆರೆಯಲಿಲ್ಲ. ಜೂನ್ 1ರಿಂದ ಪಾಠಗಳು ಟಿ.ವಿ.ಯಲ್ಲೂ ಮೊಬೈಲಿನಲ್ಲೂ ಬರತೊಡಗಿದವು. ಸಾಲ ಮಾಡಿಯೋ ಅಡಿಕೆ ಮಾರಿಯೋ ಮನೆಗೊಂದು ಫೋನು, ಇಲ್ಲವೇ ಟ್ಯಾಬ್ಲೆಟ್ ಕೊಂಡು ತಂದೆವು. ಮಗಳ ಪಾಠಕ್ಕೆಂದು ನನ್ನ ಮನೆಗೂ ಒಂದು ಬಂತು. ಶಾಲೆ ಮತ್ತೆ ತೆರೆದ ಮೇಲೆ ಅದು ಕಪಾಟಿನ ಮೂಲೆ ಸೇರಿ ಧೂಳು ತಿನ್ನುತ್ತಿತ್ತು. ಈಗ ಎರಡು ವರ್ಷಗಳಿಂದ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಉಳಿ, ಗರಗಸಗಳ ನಡುವೆ ಇದ್ದು ಮರದ ಹುಡಿ ತಿನ್ನುತ್ತಿದೆ. "ಮಾಸ್ಟ್ರಿಗೆ ಮರುಳು" ಎಂದು ನೆರೆಕರೆಯವರು ನಕ್ಕದ್ದುಂಟು. ನಗುವವರು ನಗಲಿ. ಈ ಅನುಭವದಿಂದ ನನಗೆ ಹೊಳೆದ ಒಂದು ವಿಚಾರವನ್ನು ಗಡಿನಾಡಿನ ಕನ್ನಡಿಗರ ಮುಂದಿಡುವುದು ಕರ್ತವ್ಯವೆಂದು ಭಾವಿಸಿ ಇಷ್ಟನ್ನು ಬರೆಯುತ್ತಿದ್ದೇನೆ.

ನಾನು ಕಸುಬಿನ ಬಡಗಿಯಲ್ಲ. ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳುವವನು. ಕಣ್ಣಿಗೆ ಕಂಡದ್ದನ್ನು ಕೈಯಿಂದ ಮಾಡಿದಾಗಲೇ ಕಲಿಕೆ ಪೂರ್ಣವಾಗುತ್ತದೆಂದು ಟಿ.ಸಿ.ಎಚ್. ಓದುವಾಗ ಕಲಿಸಿದ್ದರು. ಆ ಮಾತು ಬೇರೆಯವರ ಮಕ್ಕಳಿಗೆ ಮಾತ್ರ ಎಂದು ತಿಳಿಯಬಾರದಲ್ಲ! ಶನಿವಾರ, ಭಾನುವಾರ ಕೊಟ್ಟಿಗೆಯಲ್ಲಿ ಕುಳಿತು ಮಣೆ, ಸ್ಟೂಲು, ಪುಸ್ತಕದ ಕಪಾಟು ಮಾಡುತ್ತೇನೆ. ಶಾಲೆಯ ಮುರಿದ ಡೆಸ್ಕುಗಳಿಗೆ ಕಾಲು ಕಟ್ಟಿಕೊಡುತ್ತೇನೆ. ನೆರೆಯ ಹಿರಿಯ ಆಚಾರಿಯೊಬ್ಬರು ಸಂಜೆ ಹೊತ್ತು ಬಂದು ಜಗಲಿಯ ಅಂಚಿನಲ್ಲಿ ಕುಳಿತು ನನ್ನ ತಪ್ಪುಗಳನ್ನು ಎಣಿಸುತ್ತಾರೆ. ಟ್ಯಾಬ್ಲೆಟ್ ಎಂಬ ಹೆಸರನ್ನು ಮೊದಲ ಸಲ ಕೇಳಿದಾಗ ಅವರು, "ಯಾವ ರೋಗಕ್ಕೆ ಮಾಸ್ಟ್ರೇ?" ಎಂದು ಕೇಳಿದ್ದರು. "ಲೆಕ್ಕ ತಪ್ಪುವ ರೋಗಕ್ಕೆ ಆಚಾರ್ರೇ" ಎಂದು ನಾನು ಉತ್ತರಿಸಿದ್ದೆ.

ಅದು ಕೇವಲ ತಮಾಷೆಯ ಮಾತಲ್ಲ. ಎಂಟು ಅಡಿ ಉದ್ದದ ಪ್ಲೈವುಡ್ ಹಾಳೆ ಎಂದರೆ 2440 ಮಿಲಿಮೀಟರ್. ಅದರಿಂದ ಕಪಾಟಿನ ಐದು ತಟ್ಟು ಕೊಯ್ಯಬೇಕಾಗಿತ್ತು. ಐದರಿಂದ ಭಾಗಿಸಿ, ಒಂದೊಂದಕ್ಕೆ 488 ಎಂದು ಗುರುತು ಹಾಕಿ ಕೊಯ್ದೆ. ಕೊನೆಯ ತಟ್ಟು 476ಕ್ಕೆ ಬಂದು ನಿಂತಿತು. ಯಂತ್ರದ ಗರಗಸ ಪ್ರತಿ ಕೊಯ್ತಕ್ಕೂ ಸುಮಾರು 3 ಮಿಲಿಮೀಟರ್ ಮರವನ್ನು ಹುಡಿ ಮಾಡಿ ತಿನ್ನುತ್ತದೆ. ನಾಲ್ಕು ಕೊಯ್ತಕ್ಕೆ 12 ಹೋಯಿತು. ಒಂದು ತಟ್ಟಿಗೆ 485 ಎಂದು ಹಿಡಿದಿದ್ದರೆ ಎಲ್ಲವೂ ಸಮನಾಗುತ್ತಿತ್ತು. ಈಗ ಟ್ಯಾಬಿನಲ್ಲಿ ಹಾಳೆಯ ಅಳತೆ, ಬೇಕಾದ ತುಂಡುಗಳ ಅಳತೆ, ಗರಗಸದ ದಪ್ಪ ಈ ಮೂರನ್ನೂ ಬರೆದರೆ ಎಲ್ಲಿ ಹೇಗೆ ಕೊಯ್ಯಬೇಕೆಂದು ಚಿತ್ರ ಬರೆದು ತೋರಿಸುತ್ತದೆ. ಮರ ಕೊಯ್ಯುವ ಮೊದಲೇ ಕಪಾಟನ್ನು ಪರದೆಯ ಮೇಲೆ ನಿಲ್ಲಿಸಿ ಸುತ್ತ ತಿರುಗಿಸಿ ನೋಡಬಹುದು. ಹಳೆಯ ಪೆಟ್ಟಿಗೆಯನ್ನು ರಿಪೇರಿಗೆ ಬಿಚ್ಚುವಾಗ ಒಂದೊಂದು ಸಂದಿನ ಫೋಟೋ ತೆಗೆದಿಟ್ಟರೆ ಮತ್ತೆ ಜೋಡಿಸುವಾಗ ಯಾವ ತುಂಡು ಎಲ್ಲಿಯದೆಂದು ತಲೆ ಕೆರೆಯಬೇಕಾಗಿಲ್ಲ. ತಿಳಿದವರು ಕೆಲಸ ಮಾಡುವ ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ಹತ್ತು ಸಲ ನೋಡಬಹುದು. ಯಾವ ಗುರುವಿಗೂ ಅಷ್ಟು ತಾಳ್ಮೆ ಇರಲಾರದು.

ಗುಣ ಹೇಳಿದವನು ದೋಷವನ್ನೂ ಹೇಳಬೇಕಾಗುತ್ತದೆ. ನುಣ್ಣನೆಯ ಮರದ ಹುಡಿ ಈ ಯಂತ್ರದ ಕಿವಿ ಬಾಯಿಗಳನ್ನು ಮುಚ್ಚಿಬಿಡುತ್ತದೆ. ತೆಳ್ಳಗಿನ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟರೆ ಹುಡಿ ತಾಗುವುದಿಲ್ಲ, ಬೆರಳಿನ ಸ್ಪರ್ಶವೂ ಅದರ ಮೂಲಕವೇ ಸಲ್ಲುತ್ತದೆ. ಆದರೆ ಚಾರ್ಜು ಮಾಡುವಾಗ ಚೀಲದಿಂದ ಹೊರಗೆ ತೆಗೆಯಲೇಬೇಕು, ಇಲ್ಲವಾದರೆ ಬಿಸಿ ಕಟ್ಟುತ್ತದೆ. ಎಪ್ರಿಲ್ ತಿಂಗಳಲ್ಲಿ ತಗಡಿನ ಮಾಡಿನಡಿಯ ಸೆಕೆ ಬ್ಯಾಟರಿಗೆ ಒಳ್ಳೆಯದಲ್ಲ. ಅದರೊಳಗೆ ಒಂದು ರಸಮಟ್ಟವೂ ಇದೆ, ಆದರೆ ಅದನ್ನು ಕಣ್ಣು ಮುಚ್ಚಿ ನಂಬಬಾರದು. ಬೆನ್ನಿನ ಮೇಲೆ ಉಬ್ಬಿದ ಕ್ಯಾಮೆರಾ ಇದ್ದರೆ ಟ್ಯಾಬೇ ಓರೆಯಾಗಿ ಕೂರುತ್ತದೆ. ಒಮ್ಮೆ ಇಟ್ಟು ನೋಡಿ, ಅದೇ ಜಾಗದಲ್ಲಿ ತಲೆ ಬಾಲ ತಿರುಗಿಸಿ ಇಟ್ಟು ನೋಡಬೇಕು. ಎರಡು ಸಲವೂ ಒಂದೇ ಕಡೆ ಅಷ್ಟೇ ವಾಲಿಕೆ ತೋರಿಸಿದರೆ ಮಾತ್ರ ಅದು ನಿಜ. ಎಲ್ಲಕ್ಕಿಂತ ಮುಖ್ಯವಾದುದು, ಯಂತ್ರದ ಗರಗಸ ತಿರುಗುತ್ತಿರುವಾಗ ಕಣ್ಣು ಪರದೆಯ ಮೇಲೆ ಇರಲೇಬಾರದು. ನೋಡುವಾಗ ನೋಡಬೇಕು, ಕೊಯ್ಯುವಾಗ ಕೊಯ್ಯಬೇಕು. ಹೋದ ಬೆರಳನ್ನು ಯಾವ ಟ್ಯಾಬೂ ತಂದುಕೊಡಲಾರದು.

ಇವೆಲ್ಲ ಜಾಗ್ರತೆಯಿಂದ ಪರಿಹಾರವಾಗುವ ದೋಷಗಳು. ನಾನು ಬರೆಯಹೊರಟದ್ದು ಬೇರೊಂದು ದೋಷದ ವಿಚಾರ. ಅದು ಯಂತ್ರದ್ದಲ್ಲ, ನಮ್ಮದು.

ಒಂದು ದಿನ ಹಲಗೆ ನಯ ಮಾಡುವ ವಿಧಾನವನ್ನು ತೋರಿಸುವ ಇಂಗ್ಲಿಷ್ ಚಿತ್ರವೊಂದನ್ನು ಹಚ್ಚಿ, ಮಾತು ಕನ್ನಡ ಅಕ್ಷರದಲ್ಲಿ ಕೆಳಗೆ ಬರುವಂತೆ ಮಾಡಿದೆ. ಯಂತ್ರವೇ ಅನುವಾದಿಸಿದ ಕನ್ನಡ ಹೀಗಿತ್ತು: ಮೊದಲು ವಿಮಾನವನ್ನು ಹಲಗೆಯ ಮೇಲೆ ಮೆಲ್ಲಗೆ ಓಡಿಸಿ. ಇಂಗ್ಲಿಷಿನಲ್ಲಿ ನಮ್ಮ ಕೀಸುಳಿಗೂ ಆಕಾಶದಲ್ಲಿ ಹಾರುವ ವಿಮಾನಕ್ಕೂ ಪ್ಲೇನ್ ಎಂದೇ ಹೆಸರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಆಚಾರಿಯವರು ಮಾತ್ರ ನಗಲಿಲ್ಲ. "ಅದಕ್ಕೆ ಕೀಸುಳಿ ಅಂತ ಯಾರು ಹೇಳಿಕೊಟ್ಟಿದ್ದಾರೆ ಮಾಸ್ಟ್ರೇ?" ಎಂದರು.

ಆ ಪ್ರಶ್ನೆ ನನ್ನನ್ನು ಇಂದಿಗೂ ಕಾಡುತ್ತಿದೆ. ಈ ಯಂತ್ರಗಳು ಭಾಷೆ ಕಲಿಯುವುದು ಯಾರೋ ಬರೆದಿಟ್ಟದ್ದನ್ನು ಓದಿಯೇ. ರಾಜಕೀಯ, ಸಿನೆಮಾ, ಕ್ರಿಕೆಟ್ಟುಗಳ ಬಗೆಗೆ ಕನ್ನಡದಲ್ಲಿ ಬೇಕಾದಷ್ಟು ಬರೆದಿದ್ದೇವೆ. ಆದರೆ ಕೊಡತಿ, ಬೈರಿಗೆ, ಮೂಲೆಮಟ್ಟಗಳ ಬಗೆಗೆ ಬರೆದವರು ಎಷ್ಟು ಮಂದಿ? ಆ ಮಾತುಗಳು ಆಚಾರಿಗಳ ಬಾಯಲ್ಲೇ ಹುಟ್ಟಿ, ಬಾಯಲ್ಲೇ ಉಳಿದಿವೆ.

ಇನ್ನೊಂದು ಉದಾಹರಣೆ ನೋಡಿ. ನಮ್ಮ ಪಾಠಪುಸ್ತಕಗಳಲ್ಲಿ ಅಂಗುಲವೆಂದರೆ ಇಂಚು, ಅಂದರೆ 2.54 ಸೆಂಟಿಮೀಟರ್. ಹಳೆಯ ಆಚಾರಿಗಳ ಕೋಲಿನಲ್ಲಿ 24 ಅಂಗುಲ. ಕೇರಳದಲ್ಲಿ ಆ ಕೋಲನ್ನು ಸಾಮಾನ್ಯವಾಗಿ 72 ಸೆಂಟಿಮೀಟರ್ ಎಂದು ಹಿಡಿಯುತ್ತಾರೆ. ಆಗ ಒಂದು ಅಂಗುಲ 3 ಸೆಂಟಿಮೀಟರ್ ಆಯಿತು. ಆಚಾರಿಯವರು ಹತ್ತು ಅಂಗುಲ ಎಂದದ್ದನ್ನು ಟ್ಯಾಬಿನಲ್ಲಿ ಹತ್ತು ಇಂಚು ಎಂದು ಬರೆದರೆ 4.6 ಸೆಂಟಿಮೀಟರ್ ಕಡಿಮೆ ಬೀಳುತ್ತದೆ. ಬಾಗಿಲಿನ ದಾರಂದದಲ್ಲಿ ಅಷ್ಟು ವ್ಯತ್ಯಾಸವಾದರೆ ಮನೆಯೊಡೆಯನ ಗತಿ ಏನಾದೀತು? ಶಬ್ದ ಒಂದೇ, ಅಳತೆ ಎರಡು. ಇದನ್ನು ತಿಳಿದವರು ಹೇಳದೆ ಯಂತ್ರಕ್ಕೂ ತಿಳಿಯದು, ಮಕ್ಕಳಿಗೂ ತಿಳಿಯದು.

ಗಡಿನಾಡಿನಲ್ಲಿ ಈ ಕೊರತೆಯ ಬಿಸಿ ಇನ್ನೂ ಹೆಚ್ಚು. ನಮ್ಮ ಹುಡುಗರು ಕೆಲಸ ಕಲಿಯುವುದು ಹೆಚ್ಚಾಗಿ ಮಲಯಾಳ ಮಾತನಾಡುವ ಅಂಗಡಿಗಳಲ್ಲಿ. ಅಲ್ಲಿ ಕೀಸುಳಿ ಚಿಂತೇರ್ ಆಗುತ್ತದೆ, ಕೊಡತಿ ಕೊಟ್ಟುವಡಿಯಾಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಅನ್ನ ಕೊಡುವ ಭಾಷೆಯನ್ನು ಹಳಿಯುವವನು ಮೂರ್ಖ. ಉಳಿಗೆ ಅವರೂ ಉಳಿ ಎನ್ನುತ್ತಾರೆ, ನಾವೂ ಉಳಿ ಎನ್ನುತ್ತೇವೆ. ಮರದ ಮುಂದೆ ಕುಳಿತಾಗ ಎರಡು ಭಾಷೆಗಳೂ ಅಕ್ಕತಂಗಿಯರೇ. ಆದರೆ ಅವರ ಮಾತನ್ನು ಕಲಿಯುವುದು ಬೇರೆ, ನಮ್ಮದನ್ನು ಕಳೆದುಕೊಳ್ಳುವುದು ಬೇರೆ. ಒಂಬತ್ತನೆಯ ತರಗತಿಯಲ್ಲಿ ಒಮ್ಮೆ "ಕೊಡತಿ ಎಂದರೇನು?" ಎಂದು ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗ ಹಿಂದಿನಿಂದ ಬಂದು, "ಸರ್, ಉಳಿಗೆ ಹೊಡೆಯುವ ಮರದ ಸುತ್ತಿಗೆ. ಅಜ್ಜನ ಹತ್ತಿರ ಉಂಟು" ಎಂದು ಮೆಲ್ಲಗೆ ಹೇಳಿದ. "ತರಗತಿಯಲ್ಲಿ ಯಾಕೆ ಹೇಳಲಿಲ್ಲ ಮಗಾ?" ಎಂದು ಕೇಳಿದರೆ ತಲೆ ತಗ್ಗಿಸಿ ನಿಂತ. ಅಜ್ಜನ ಕಸುಬನ್ನು ಹೇಳಿಕೊಳ್ಳಲು ಅವನಿಗೆ ನಾಚಿಕೆಯಾಗಿತ್ತು. ಆ ನಾಚಿಕೆಯನ್ನು ಅವನಿಗೆ ಕಲಿಸಿದವರು ನಾವೇ ಅಲ್ಲವೇ? ನಾವು ಕನ್ನಡವೆಂದರೆ ಪದ್ಯ, ಭಾಷಣ, ಪ್ರಬಂಧವೆಂದು ಹೇಳುತ್ತ ಬಂದೆವು. ಅಜ್ಜನ ಕೈಯಲ್ಲಿರುವುದೂ ಕನ್ನಡವೆಂದು ಹೇಳಲು ಮರೆತೆವು.

ಆ ಹುಡುಗ ಈಗ ಭಾನುವಾರಗಳಲ್ಲಿ ನನ್ನ ಕೊಟ್ಟಿಗೆಗೆ ಬರುತ್ತಾನೆ. ಅವನೂ ನನ್ನ ಮಗಳೂ ಸೇರಿ ಆಚಾರಿಯವರನ್ನು ಮಾತನಾಡಿಸುತ್ತಾರೆ. ಒಬ್ಬರು ಟ್ಯಾಬಿನಲ್ಲಿ ಚಿತ್ರ ತೆಗೆದರೆ ಇನ್ನೊಬ್ಬರು ಹೆಸರು ಬರೆಯುತ್ತಾರೆ. ಹೆಸರಷ್ಟೇ ಸಾಲದೆಂದು ಉಪಕರಣ ಹಿಡಿಯುವ ಬಗೆ, ಅದಕ್ಕೆ ಹಾಕುವ ಮರ, ಸಾಣೆ ಹಿಡಿಯುವ ಕ್ರಮ, ಎಲ್ಲವನ್ನೂ ಅವರ ಧ್ವನಿಯಲ್ಲೇ ಹಿಡಿದಿಡುತ್ತೇವೆ. ಬಾಯಿಮಾತನ್ನು ಟ್ಯಾಬ್ ತಾನೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಕಸುಬಿನ ಮಾತು ಬಂದಾಗ ತಪ್ಪುತ್ತದೆ, ಮಕ್ಕಳು ತಿದ್ದುತ್ತಾರೆ. ಯಂತ್ರಕ್ಕೆ ಪಾಠ ಹೇಳುವ ಸಂತೋಷ ಅವರಿಗೆ! ಕನ್ನಡ ಬರೆಯಲು ಅನುಕೂಲವಿಲ್ಲವೆಂಬ ನೆಪ ಇಂದು ನಡೆಯದು. 1991ರಲ್ಲಿ ಹೊರಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಗಣಕದಲ್ಲಿ ಕನ್ನಡವನ್ನು ಸುಲಭವಾಗಿ ಒತ್ತುವ ಕೀಲಿಮಣೆಯನ್ನು ರೂಪಿಸಿದ ಕೆ.ಪಿ. ರಾವ್ ಅವರು ನಮ್ಮ ಹಳೆಯ ದಕ್ಷಿಣ ಕನ್ನಡದ ಮಣ್ಣಿನವರೇ. ದಾರಿ ಇದೆ, ನಡೆಯುವವರು ಬೇಕು.

ಮಿತ್ರರೊಬ್ಬರು ಆಕ್ಷೇಪಿಸಿದರು: "ಮಕ್ಕಳು ಮೊದಲೇ ಪರದೆಗೆ ಅಂಟಿಕೊಂಡಿದ್ದಾರೆ. ಉಳಿದಿರುವ ಒಂದು ಕೊಟ್ಟಿಗೆಗೂ ಅದನ್ನು ಏಕೆ ತರುತ್ತೀರಿ? ಕಸುಬು ಗುರುವಿನ ಪಕ್ಕದಲ್ಲಿ ನಿಂತು ಕಲಿಯುವಂಥದು." ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿಯ ಸದ್ದು ಬದಲಾದಾಗಲೇ "ಗಂಟು ಬಂತು, ನಿಲ್ಲಿಸಿ" ಎಂದು ಜಗಲಿಯಿಂದ ಕೂಗಿ ಹೇಳುವ ಆಚಾರಿಯವರ ಕಿವಿ ಯಾವ ಟ್ಯಾಬಿಗೂ ಇಲ್ಲ. ಹಲಸಿನ ಮರವನ್ನು ಅಂಗೈಯಲ್ಲಿ ಸವರಿ ಇನ್ನೂ ಒಣಗಿಲ್ಲವೆನ್ನುವ ಕೈಯೂ ಅದಕ್ಕಿಲ್ಲ. ಆದರೆ ಆ ಕಿವಿ, ಆ ಕೈ ಎಷ್ಟು ದಿನ ನಮ್ಮೊಂದಿಗಿರುತ್ತವೆ? ಹೋದ ಮಳೆಗಾಲದಿಂದ ಅವರ ಬಲಗೈ ನಡುಗುತ್ತಿದೆ. ತಾವೇ ಸಾಣೆ ಹಿಡಿದ ಉಳಿಗಳನ್ನು ಈಗ ನನಗೆ ಹಿಡಿಯಲು ಕೊಡುತ್ತಾರೆ. ಪರದೆಯನ್ನು ಬರಿದೆ ನೋಡುವ ಮಗು ಅದಕ್ಕೆ ಅಂಟಿಕೊಳ್ಳುತ್ತದೆ. ಅದೇ ಪರದೆಯನ್ನು ಹಿರಿಯರ ಕಡೆಗೆ ತಿರುಗಿಸಿ ಹಿಡಿದ ಮಗು ಹಿರಿಯರಿಗೆ ಹತ್ತಿರವಾಗುತ್ತದೆ.

ಇದು ದೊಡ್ಡ ವಿದ್ವಾಂಸರಿಂದ ಮಾತ್ರ ಆಗುವ ಕೆಲಸವೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ಜನರ ಬಾಯಲ್ಲಿದ್ದ ಮಾತು ಕಾಗದಕ್ಕೆ ಇಳಿದುದರಿಂದಲೇ ಅದು ಸಾಧ್ಯವಾಯಿತು. ಆಗ ಪೆನ್ನು, ಕಾಗದ, ಟೇಪ್ ರೆಕಾರ್ಡರುಗಳ ಕಾಲ. ಇಂದು ಚಿತ್ರ, ಧ್ವನಿ, ಅಕ್ಷರ ಮೂರನ್ನೂ ಒಂದೇ ಹಲಗೆಯಲ್ಲಿ ಹಿಡಿಯುವ ಸಾಧನ ನಮ್ಮ ಕಪಾಟಿನ ಮೂಲೆಯಲ್ಲಿ ಬಿದ್ದಿದೆ.

ಆದುದರಿಂದ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕ ಬಂಧುಗಳಲ್ಲಿ, ರಕ್ಷಕ ಶಿಕ್ಷಕ ಸಂಘಗಳಲ್ಲಿ ನನ್ನದೊಂದು ವಿನಂತಿ. ವರ್ಷವರ್ಷವೂ ನಡೆಯುವ ವೃತ್ತಿ ಪರಿಚಯ ಮೇಳಕ್ಕೆ ಮಕ್ಕಳನ್ನು ಸಿದ್ಧಪಡಿಸುತ್ತೇವೆ. ಬಹುಮಾನ ಬಂದರೆ ಪತ್ರಿಕೆಯಲ್ಲಿ ಚಿತ್ರ, ಬಾರದಿದ್ದರೆ ಮೌನ. ಅದರ ಜೊತೆಗೆ, ಮಕ್ಕಳು ತಮ್ಮ ಊರಿನ ಬಡಗಿಯ ಬಳಿ ಒಂದು ದಿನ ಕಳೆದು, ಹತ್ತು ಉಪಕರಣಗಳ ಚಿತ್ರ, ಹೆಸರು, ಉಪಯೋಗಗಳನ್ನು ಕನ್ನಡದಲ್ಲಿ ಬರೆದು ತರಲಿ. ಮನೆಮಾತು ತುಳುವೋ ಕೊಂಕಣಿಯೋ ಮರಾಠಿಯೋ ಆದವರು ಆ ಹೆಸರನ್ನೂ ಜೊತೆಗೆ ಬರೆಯಲಿ. ಮಲಯಾಳದ ಹೆಸರೂ ಇರಲಿ, ನಾಳೆ ಕೆಲಸಕ್ಕೆ ಹೋದಾಗ ಬೇಕಾಗುತ್ತದೆ. ಎಲ್ಲ ಶಾಲೆಗಳದ್ದನ್ನೂ ಕೂಡಿಸಿ, 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯದಂತಹ, ಎಲ್ಲರೂ ಓದಬಹುದಾದ ಕಡೆ ಸೇರಿಸೋಣ. ಆಗ ಜತ್ತಿನ ಕನ್ನಡ ಮಗುವಿಗೂ ತಾಳವಾಡಿಯ ಕನ್ನಡ ಮಗುವಿಗೂ ಅದು ದೊರೆಯುತ್ತದೆ.

ಹೆತ್ತವರಲ್ಲೂ ಒಂದು ಮಾತು. 2020ರಲ್ಲಿ ಕಷ್ಟಪಟ್ಟು ಕೊಂಡ ಆ ಟ್ಯಾಬನ್ನು ಗುಜರಿಗೆ ಹಾಕಬೇಡಿ. ಹಳತಾದರೂ ಚಿತ್ರ ತೆಗೆಯಲು, ಧ್ವನಿ ಹಿಡಿಯಲು ಅದು ಧಾರಾಳ ಸಾಕು. ಬೇಸಗೆ ರಜೆಯಲ್ಲಿ ಮಗುವಿನ ಕೈಗೆ ಅದನ್ನು ಕೊಟ್ಟು, ನೆರೆಯ ಆಚಾರಿಯ ಮನೆಯ ದಾರಿ ತೋರಿಸಿ. ಅವರ ಕೈ ನಡುಗತೊಡಗಿದೆ. ಮುಂದಿನ ರಜೆಗೆ ನೋಡೋಣ ಎನ್ನುವಷ್ಟು ಕಾಲ ನಮ್ಮಲ್ಲಿ ಇಲ್ಲ.