ಬಿಡಿಭಾಗಗಳ ಔಚಿತ್ಯ ವಿಚಾರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಕೈಯಲ್ಲಿರುವ ಹಣಕ್ಕೂ ಮನಸ್ಸಿನಲ್ಲಿರುವ ಆಸೆಗೂ ನಡುವೆ ಎಷ್ಟು ದೂರವಿದೆಯೆಂಬುದು ಮನುಷ್ಯನಿಗೆ ಚೆನ್ನಾಗಿ ತಿಳಿಯುವುದು ಈ ಎರಡು ಸಂದರ್ಭಗಳಲ್ಲಿ ಎಂಬುದೇ ಆ ಗಾದೆಯ ತಾತ್ಪರ್ಯವಿರಬೇಕು. ಆದರೆ ಮನೆಯೂ ಮದುವೆಯೂ ಒದಗುವ ಹೊತ್ತಿಗೆ ವಯಸ್ಸು ಮುಂದೆ ಸಾಗಿರುತ್ತದೆ. ಎಡವಿದರೆ ತಿದ್ದಿಕೊಳ್ಳಲು ಅವಕಾಶ ಕಡಮೆ. ಇದೇ ಪಾಠವನ್ನು ಹದಿನೆಂಟು ಇಪ್ಪತ್ತರ ಹರೆಯದಲ್ಲಿಯೇ ಕಲಿಸುವ ಮೂರನೆಯ ಸಂದರ್ಭವೊಂದು ನಮ್ಮ ಕಾಲದಲ್ಲಿ ಒದಗಿದೆ. ಆಟವಾಡುವುದಕ್ಕೆ ತಕ್ಕ ಗಣಕಯಂತ್ರವೊಂದನ್ನು, ಮಿತವಾದ ಹಣದಲ್ಲಿ, ಬಿಡಿಭಾಗಗಳನ್ನು ತಾನೇ ಆರಿಸಿ ತಂದು ಮನೆಯಲ್ಲಿ ಕೂಡಿಸಿಕೊಳ್ಳುವ ಕೆಲಸವೇ ಅದು.

ವಿದ್ಯಾರ್ಥಿಯೊಬ್ಬ ಇಂಥ ಅಪೇಕ್ಷೆಯನ್ನು ಮನೆಯಲ್ಲಿ ಹೇಳಿದಾಗ ಏಳುವ ಮೊದಲ ಪ್ರಶ್ನೆ, ‘ಆಟಕ್ಕೆ ಇಷ್ಟು ದುಡ್ಡೇ?’ ಎಂಬುದು. ಪ್ರಶ್ನೆ ಅನ್ಯಾಯದ್ದಲ್ಲ. ಮಧ್ಯಮ ವರ್ಗದ ಸಂಸಾರದಲ್ಲಿ ಐವತ್ತು ಅರವತ್ತು ಸಾವಿರ ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲ. ಅದು ಕಾಲೇಜಿನ ಶುಲ್ಕವಾಗಬಹುದು, ತಂಗಿಯ ಹಾಸ್ಟೆಲಿನ ಖರ್ಚಾಗಬಹುದು. ಆದುದರಿಂದಲೇ ಆ ಹಣ ಹೇಗೆ ವಿನಿಯೋಗವಾಗುತ್ತದೆ ಎಂಬುದು ಗಂಭೀರವಾದ ವಿಷಯ. ಹಣವನ್ನು ಕೊಡುವುದೋ ಬಿಡುವುದೋ ಆಯಾ ಮನೆಯ ವಿಚಾರ. ಕೊಡುವುದಾದರೆ, ಆರಿಸುವ ಹೊಣೆಯನ್ನೂ ತರುಣನ ಹೆಗಲಿಗೇ ಹೊರಿಸಬೇಕೆಂಬುದು ನನ್ನ ಅಭಿಪ್ರಾಯ. ಏಕೆಂದರೆ ಈ ಆಯ್ಕೆಯಲ್ಲಿ ಅಡಗಿರುವ ವಿವೇಕದ ಶಿಕ್ಷಣ ಬೇರೆ ಕಡೆ ಇಷ್ಟು ಸುಲಭವಾಗಿ ದೊರೆಯಲಾರದು.

ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ಪ್ರತಿಪಾದಿಸಿದ. ಬಿಡಿಬಿಡಿಯಾಗಿ ಸೊಗಸಾದುದೆಲ್ಲ ಒಂದೆಡೆ ಸೇರಿದ ಮಾತ್ರಕ್ಕೆ ಕಾವ್ಯವಾಗುವುದಿಲ್ಲ. ಯಾವುದು ಎಲ್ಲಿ, ಎಷ್ಟು ಇರಬೇಕೋ ಅಲ್ಲಿ ಅಷ್ಟೇ ಇರಬೇಕು. ಗಣಕಯಂತ್ರದ ವಿಷಯದಲ್ಲಿ ಈ ತತ್ತ್ವ ಅಕ್ಷರಶಃ ಸತ್ಯ. ಅದರ ಒಂದೊಂದು ಭಾಗವೂ ಮತ್ತೊಂದಕ್ಕೆ ಕಾಯುತ್ತದೆ. ವೇಗವಾಗಿ ಚಿತ್ರ ಬರೆಯಬಲ್ಲ ಗ್ರಾಫಿಕ್ಸ್ ಕಾರ್ಡು, ಲೆಕ್ಕ ಒದಗಿಸಬೇಕಾದ ಪ್ರೊಸೆಸರು ನಿಧಾನವಾದರೆ, ಕೈಕಟ್ಟಿ ಕುಳಿತಿರುತ್ತದೆ. ಕೈಕಟ್ಟಿ ಕುಳಿತ ಭಾಗಕ್ಕೆ ತೆತ್ತ ಹಣವೂ ಹಾಗೆಯೇ ನಿರರ್ಥಕ. ಅತ್ಯುತ್ತಮವಾದ ಭಾಗ ಯಾವುದೆಂದು ಕೇಳುವವನು ಅಂಗಡಿಯವನಿಗೆ ಸುಲಭದ ಗಿರಾಕಿ. ಉಳಿದ ಭಾಗಗಳಿಗೆ ಒಪ್ಪುವ ಭಾಗ ಯಾವುದೆಂದು ಕೇಳುವವನು ಅರ್ಧ ವಿದ್ಯೆಯನ್ನು ಆಗಲೇ ಕಲಿತವನು.

ಹಾಗಾದರೆ ಮೊದಲು ನಿರ್ಧರಿಸಬೇಕಾದದ್ದು ಯಾವುದು? ಯಾವ ಆಟ, ಯಾವ ಪರದೆ ಎಂಬ ಎರಡು ಸಂಗತಿಗಳು. ಸಾಮಾನ್ಯವಾದ ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920, ಉದ್ದಕ್ಕೆ 1,080, ಒಟ್ಟು 20,73,600 ಬಿಂದುಗಳಿರುತ್ತವೆ. ‘ಫೋರ್ ಕೆ’ ಎಂದು ಕರೆಯುವ ಪರದೆಯಲ್ಲಿ ಸರಿಯಾಗಿ ಇದರ ನಾಲ್ಕು ಪಟ್ಟು, ಎಂದರೆ 82,94,400 ಬಿಂದುಗಳು. ಚಲನೆ ನಯವಾಗಿ ಕಾಣಬೇಕಾದರೆ ಈ ಬಿಂದುಗಳಷ್ಟನ್ನೂ ಸೆಕೆಂಡಿಗೆ 60 ಸಲವಾದರೂ ಹೊಸದಾಗಿ ಬರೆಯಬೇಕು. ಎಂದರೆ ಒಂದು ಚಿತ್ರಕ್ಕೆ ಸಿಕ್ಕುವ ಕಾಲ ಸುಮಾರು 16.7 ಮಿಲಿಸೆಕೆಂಡು. 144 ಸಲ ಬೇಕೆಂದರೆ 7 ಮಿಲಿಸೆಕೆಂಡೂ ಸಿಕ್ಕುವುದಿಲ್ಲ. ಮಿತವಾದ ಹಣದವನು ಫೋರ್ ಕೆ ಪರದೆಯನ್ನು ಬಯಸಿದರೆ ತನ್ನ ಕಾರ್ಡಿನ ಮೇಲೆ ತಾನೇ ನಾಲ್ಕು ಪಟ್ಟು ಭಾರ ಹೇರಿದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಲ್ಲಿ ಇಲ್ಲಿ ಪರದೆಯೇ ಹಾಸಿಗೆ.

ಆಟಗಳ ಸ್ವಭಾವವೂ ಒಂದೇ ತೆರನಲ್ಲ. ವ್ಯಾಲೊರಂಟ್, ಕೌಂಟರ್‌ಸ್ಟ್ರೈಕ್ 2 ಮುಂತಾದ ಸ್ಪರ್ಧೆಯ ಆಟಗಳಲ್ಲಿ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ ಮುಖ್ಯವಾದುದರಿಂದ ಪ್ರೊಸೆಸರಿನ ಮೇಲೆ ಹೆಚ್ಚು ಭಾರ. 2020ರಲ್ಲಿ ಬಂದ ಸೈಬರ್‌ಪಂಕ್ 2077ರಂಥ, ಬೆಳಕು ನೆರಳುಗಳ ವೈಭವವುಳ್ಳ ಆಟದಲ್ಲಿ ಕಾರ್ಡಿನ ಮೇಲೆ ಹೆಚ್ಚು ಭಾರ. ತನಗೆ ಬೇಕಾದುದು ಯಾವುದೆಂದು ತಿಳಿಯದವನಿಗೆ ಅಂಗಡಿಯ ಗಾಜಿನ ಹಿಂದಿರುವುದೆಲ್ಲವೂ ಬೇಕೆನಿಸುತ್ತದೆ. ಸಾಮಾನ್ಯವಾಗಿ ಪರದೆಯ ಬೆಲೆಯನ್ನು ಬಿಟ್ಟು ಉಳಿದ ಹಣದಲ್ಲಿ ಮೂರರಲ್ಲೊಂದು ಪಾಲಿನಿಂದ ಐದರಲ್ಲೆರಡು ಪಾಲಿನವರೆಗೆ ಗ್ರಾಫಿಕ್ಸ್ ಕಾರ್ಡಿಗೆ ಮೀಸಲಿಡುವುದು ಯುಕ್ತ. ಪ್ರೊಸೆಸರಿಗೆ ಅದರ ಅರ್ಧ ಸಾಕು. 2022ರಲ್ಲಿ ಬಂದ ಎಎಂಡಿ ಸಂಸ್ಥೆಯ ಆರು ಕೋರುಗಳ ರೈಜನ್ 5 5600 ಎಂಬ ಪ್ರೊಸೆಸರಿಗೆ 2021ರ ಆರ್‌ಎಕ್ಸ್ 6600 ಕಾರ್ಡನ್ನು ಜೊತೆಗೂಡಿಸಿ ಫುಲ್ ಎಚ್‌ಡಿ ಪರದೆಯ ಮುಂದೆ ತೃಪ್ತರಾಗಿ ಕುಳಿತ ತರುಣರು ಅಸಂಖ್ಯ. ಎರಡರಲ್ಲಿ ಯಾವುದೂ ಅದರ ಕಾಲದ ಅಗ್ರಗಣ್ಯವಲ್ಲ. ಆದರೆ ಒಂದಕ್ಕೊಂದು ಒಪ್ಪುತ್ತವೆ. ಔಚಿತ್ಯವೆಂದರೆ ಇದೇ.

ಹೆಸರುಗಳ ವಿಷಯದಲ್ಲಿ ವಾಚಕರು ಎಚ್ಚರವಾಗಿರಬೇಕು. 2016ರಲ್ಲಿ ಎನ್‌ವಿಡಿಯಾ ಸಂಸ್ಥೆ ಜಿಟಿಎಕ್ಸ್ 1060 ಎಂಬ ಒಂದೇ ಹೆಸರಿನಲ್ಲಿ ಎರಡು ಕಾರ್ಡುಗಳನ್ನು ಹೊರತಂದಿತು. ಒಂದರಲ್ಲಿ 6 ಜಿಬಿ ಸ್ಮೃತಿ, ಇನ್ನೊಂದರಲ್ಲಿ 3 ಜಿಬಿ. ವ್ಯತ್ಯಾಸ ಅಲ್ಲಿಗೇ ಮುಗಿಯಲಿಲ್ಲ. ಮೊದಲನೆಯದರಲ್ಲಿ 1,280 ಗಣನಾ ಘಟಕಗಳಿದ್ದರೆ ಎರಡನೆಯದರಲ್ಲಿ 1,152 ಮಾತ್ರ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಟಿಐ ಕಾರ್ಡೂ 8 ಜಿಬಿ, 16 ಜಿಬಿ ಎಂಬ ಎರಡು ರೂಪಗಳಲ್ಲಿ ಬಂದಿತು. ಸಿದ್ಧವಾಗಿ ಜೋಡಿಸಿಟ್ಟ ಯಂತ್ರಗಳ ಜಾಹೀರಾತುಗಳಲ್ಲಿ ಹೆಸರು ದಪ್ಪಕ್ಷರದಲ್ಲಿರುತ್ತದೆ. ಸ್ಮೃತಿಯ ಪ್ರಮಾಣ ಕೆಲವೊಮ್ಮೆ ಸಣ್ಣಕ್ಷರದಲ್ಲಿರುತ್ತದೆ, ಕೆಲವೊಮ್ಮೆ ಇರುವುದೇ ಇಲ್ಲ. ಹೆಸರನ್ನು ಕೇಳಿ ಮಾರುಹೋಗದೆ ವಿವರವನ್ನು ಓದುವ ಅಭ್ಯಾಸ ಗ್ರಂಥಗಳ ವಿಷಯದಲ್ಲಿ ಎಷ್ಟು ಒಳ್ಳೆಯದೋ ಕಾರ್ಡುಗಳ ವಿಷಯದಲ್ಲಿಯೂ ಅಷ್ಟೇ ಒಳ್ಳೆಯದು.

ಇನ್ನು ಕಣ್ಣಿಗೆ ಕಾಣದ ಭಾಗದ ಮಾತು. ಕಾಣದ ಭಾಗದಲ್ಲಿ ಉಳಿತಾಯ, ಕಾಣುವ ಭಾಗದಲ್ಲಿ ದುಂದು. ಇದು ನಮ್ಮ ಜನರ ಹಳೆಯ ದೌರ್ಬಲ್ಯ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಗೆ ಇಂದಿನ ಗಣಕಯಂತ್ರಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಗಾಜಿನ ಗೋಡೆಯ ಕ್ಯಾಬಿನೆಟ್ಟು, ಅದರೊಳಗೆ ಕಾಮನಬಿಲ್ಲಿನಂತೆ ಬಣ್ಣ ಬದಲಿಸುವ ಫ್ಯಾನುಗಳು. ಕೆಳಗೆ ಮೂಲೆಯಲ್ಲಿ, ಕ್ಯಾಬಿನೆಟ್ಟಿನ ಜೊತೆಗೇ ಬಂದ ಅನಾಮಧೇಯ ಎಸ್‌ಎಂಪಿಎಸ್! ಮನೆಯ ವಿದ್ಯುತ್ತನ್ನು ಯಂತ್ರಕ್ಕೆ ತಕ್ಕಂತೆ ಪರಿವರ್ತಿಸಿ ಪ್ರತಿಯೊಂದು ಭಾಗಕ್ಕೂ ಉಣಿಸುವುದು ಅದು. ಅದು ಕೆಟ್ಟರೆ ಒಂಟಿಯಾಗಿ ಕೆಡುವುದಿಲ್ಲ, ಒಮ್ಮೊಮ್ಮೆ ನೆರೆಹೊರೆಯನ್ನೂ ಕೂಡಿಕೊಂಡು ಕೆಡುತ್ತದೆ. ವಿದ್ಯುತ್ತಿನ ಒತ್ತಡ ಏರಿಳಿಯುವುದು ಸಾಮಾನ್ಯವಾಗಿರುವ ನಮ್ಮ ಊರುಗಳಲ್ಲಿ ಈ ಮಾತಿಗೆ ಇಮ್ಮಡಿ ಬೆಲೆ. ಹಾಗೆಂದು ದೈತ್ಯಶಕ್ತಿಯ ಎಸ್‌ಎಂಪಿಎಸ್ ಏನೂ ಬೇಕಿಲ್ಲ. ಮೇಲೆ ಹೇಳಿದ ಪ್ರೊಸೆಸರಿನ ಅಂಕ 65 ವಾಟ್, ಕಾರ್ಡಿನದು 132 ವಾಟ್. ಉಳಿದುದೆಲ್ಲ ಸೇರಿದರೂ 300 ವಾಟ್ ದಾಟುವುದು ಕಷ್ಟ. ಒಳ್ಳೆಯ ತಯಾರಿಕೆಯ 500 ಅಥವಾ 550 ವಾಟಿನದು ಧಾರಾಳವಾಗಿ ಸಾಕು. ಪೆಟ್ಟಿಗೆಯ ಮೇಲಿನ ‘80 ಪ್ಲಸ್’ ಎಂಬ ಮುದ್ರೆ ಎಷ್ಟು ವಿದ್ಯುತ್ತು ಶಾಖವಾಗಿ ವ್ಯರ್ಥವಾಗದೆ ಉಳಿಯುತ್ತದೆಂಬುದನ್ನು ಮಾತ್ರ ತಿಳಿಸುತ್ತದೆ. ಒಳಗಿನ ರಕ್ಷಣೆಯ ವ್ಯವಸ್ಥೆ ಎಷ್ಟು ದೃಢವೆಂಬುದನ್ನು ತಿಳಿಸುವುದಿಲ್ಲ. ಅದಕ್ಕಾಗಿ ಬಲ್ಲವರ ಪರೀಕ್ಷಾ ವರದಿಗಳನ್ನು ಓದಬೇಕು, ವಾರಂಟಿಯ ವರ್ಷಗಳನ್ನು ಎಣಿಸಬೇಕು.

ಸ್ಮೃತಿಯ, ಎಂದರೆ ರ‍್ಯಾಮಿನ ಬೆಲೆಯ ಕಥೆಯಂತೂ ಲೋಕವ್ಯಾಪಾರದ ಒಂದು ಅಧ್ಯಾಯವೇ ಸರಿ. ಕೃತಕ ಬುದ್ಧಿಮತ್ತೆಯ ಮಹಾಗಣನಾಗಾರಗಳಿಗಾಗಿ ಸ್ಮೃತಿಚಿಪ್ಪುಗಳ ಬೇಡಿಕೆ ಉಕ್ಕಿದುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಕಂಡು ಕೇಳರಿಯದಂತೆ ಏರಿತು. ಆ ವರ್ಷದ ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆ ಸಾಮಾನ್ಯ ಗ್ರಾಹಕರಿಗಾಗಿ ‘ಕ್ರೂಷಿಯಲ್’ ಎಂಬ ಹೆಸರಿನಲ್ಲಿ ನಡೆಸುತ್ತಿದ್ದ ವ್ಯಾಪಾರದಿಂದ ಹಿಂದೆಗೆಯುವುದಾಗಿ ಪ್ರಕಟಿಸಿತು. ಸಮುದ್ರದಾಚೆಯ ನಿರ್ಧಾರವೊಂದು ಹಾಸನದ ವಿದ್ಯಾರ್ಥಿಯ ಪಟ್ಟಿಯಲ್ಲಿ ಒಂದು ಸಾಲನ್ನು ತಿದ್ದಿಸುತ್ತದೆ! ಇಂಥ ಕಾಲದಲ್ಲಿ 32 ಜಿಬಿಯ ಹಂಬಲವನ್ನು ಮುಂದೂಡಿ 16 ಜಿಬಿಗೆ ತೃಪ್ತನಾಗುವುದು ಜಾಣತನ. ಅದನ್ನೂ ಒಂದೇ ಪಟ್ಟಿಯಾಗಿ ಕೊಳ್ಳುವುದಕ್ಕಿಂತ 8 ಜಿಬಿಯ ಎರಡು ಪಟ್ಟಿಗಳಾಗಿ ಕೊಂಡರೆ ಪ್ರೊಸೆಸರಿಗೆ ಏಕಕಾಲಕ್ಕೆ ಎರಡು ಹಾದಿಗಳು ತೆರೆಯುತ್ತವೆ. ಡಿಡಿಆರ್4, ಡಿಡಿಆರ್5 ಎಂಬ ಎರಡು ಪೀಳಿಗೆಗಳ ಪಟ್ಟಿಗಳು ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ ಎಂಬುದನ್ನು ಮದರ್‌ಬೋರ್ಡು ಆರಿಸುವಾಗಲೇ ನೆನಪಿಡಬೇಕು. ಬೋರ್ಡಿನ ಆಯ್ಕೆ ಭವಿಷ್ಯದ ಆಯ್ಕೆಯೂ ಹೌದು. ಎಎಂಡಿಯ ಎಎಂ5 ಎಂಬ ಸಾಕೆಟ್ಟು 2022ರಲ್ಲಿ ಬಂದುದು. ಅದಕ್ಕೆ ಡಿಡಿಆರ್5 ಅನಿವಾರ್ಯ, ಖರ್ಚು ಹೆಚ್ಚು, ಆದರೆ ಮುಂದೆ ಪ್ರೊಸೆಸರನ್ನು ಮಾತ್ರ ಬದಲಿಸಿಕೊಳ್ಳುವ ದಾರಿ ಇದೆ. ಹಿಂದಿನ ಎಎಂ4 ಅಗ್ಗ. ಆದರೆ ಆ ಹಾದಿ ಕೊನೆ ಮುಟ್ಟಿದೆ. ಇಂದಿನ ಉಳಿತಾಯವೋ ನಾಳಿನ ಅನುಕೂಲವೋ? ಎಲ್ಲರಿಗೂ ಒಪ್ಪುವ ಒಂದೇ ಉತ್ತರ ಇದಕ್ಕಿಲ್ಲ. ತರುಣ ತನ್ನ ಸ್ಥಿತಿಯನ್ನು ತಾನೇ ತೂಗಿ ನೋಡಬೇಕಾಗಿರುವುದರಿಂದಲೇ ಇದು ಶಿಕ್ಷಣ.

ಕೈ ತೀರ ಬಿಗಿಯಾಗಿದ್ದವರಿಗೆ ಎರಡು ದಾರಿಗಳುಂಟು. ಮೊದಲನೆಯದು, ಕಂತುಕಂತಾಗಿ ಕಟ್ಟುವುದು. ರೈಜನ್ 5 5600ಜಿಯಂಥ, ಚಿತ್ರ ಬರೆಯುವ ಶಕ್ತಿಯನ್ನು ಒಡಲಲ್ಲೇ ಇಟ್ಟುಕೊಂಡ ಪ್ರೊಸೆಸರಿನಿಂದ ಆರಂಭಿಸಿ, ಹಗುರವಾದ ಆಟಗಳಿಂದ ತೃಪ್ತಿಪಟ್ಟು, ಹಣ ಕೂಡಿದಾಗ ಕಾರ್ಡನ್ನು ಸೇರಿಸಿಕೊಳ್ಳಬಹುದು. ಎರಡನೆಯದು, ಬಳಸಿದ ಭಾಗಗಳನ್ನು ಕೊಳ್ಳುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಬೆಲೆ ವಿಚಾರಿಸಿದವರಿಗೆ ಈ ಲೋಕ ಪರಿಚಿತ. ಇಥೀರಿಯಂ ಎಂಬ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ‘ಗಣಿಗಾರಿಕೆ’ ಮಾಡುವ ಪದ್ಧತಿ 2022ರ ಸೆಪ್ಟೆಂಬರಿನಲ್ಲಿ ನಿಂತುಹೋದ ಮೇಲೆ, ಹಗಲಿರುಳು ದುಡಿದು ಬಳಲಿದ ಕಾರ್ಡುಗಳು ರಾಶಿರಾಶಿಯಾಗಿ ಸಂತೆಗೆ ಬಂದವು. ದುಡಿದ ಎತ್ತೆಲ್ಲ ಕೆಟ್ಟ ಎತ್ತಲ್ಲ. ಆದರೆ ಹಲ್ಲು ನೋಡದೆ ಎತ್ತು ಕೊಳ್ಳುವವರಿಲ್ಲ. ಕಣ್ಣೆದುರಿಗೆ ಅರ್ಧ ಗಂಟೆ ಭಾರವಾದ ಆಟವನ್ನು ಓಡಿಸಿ, ಶಾಖವನ್ನೂ ಫ್ಯಾನಿನ ಸದ್ದನ್ನೂ ಗಮನಿಸಿಯೇ ಹಣ ಎಣಿಸಬೇಕು. ಕಚೇರಿಗಳಿಂದ ಹೊರಬಿದ್ದ ಹಳೆಯ ಯಂತ್ರಗಳನ್ನು ಕೊಳ್ಳುವವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಸ್ಥೂಲವಾಗಿ ಎಂಟನೆಯ ಪೀಳಿಗೆಗಿಂತ ಹಳೆಯವು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಹೊಸ ಭಾಗಗಳನ್ನು ಕೊಳ್ಳುವಾಗ ಬಿಲ್ಲಿಲ್ಲದೆ ಕೊಂಡರೆ ಶೇಕಡಾ 18ರ ತೆರಿಗೆ ಉಳಿಯಿತೆಂದು ಹಿಗ್ಗುವವರೂ ಉಂಟು. ತೆರಿಗೆಯ ಜೊತೆಗೆ ವಾರಂಟಿಯನ್ನೂ ಬಿಟ್ಟುಕೊಟ್ಟೆವೆಂಬುದು ಅವರಿಗೆ ತಿಳಿಯುವುದು ಭಾಗ ಕೆಟ್ಟ ದಿನ. ಮೇಲಾಗಿ, ನಾಡಿಗೆ ಸಲ್ಲಬೇಕಾದುದನ್ನು ತಪ್ಪಿಸಿ ಮೊದಲ ಯಂತ್ರವನ್ನು ಕಟ್ಟುವುದು ಒಳ್ಳೆಯ ಆರಂಭವೂ ಅಲ್ಲ.

ಇಷ್ಟಾದರೂ ‘ಎಲ್ಲ ಸರಿ, ಆದರೆ ಕಡೆಗೆ ಆಟ ತಾನೇ?’ ಎಂಬ ಆಕ್ಷೇಪ ಉಳಿಯುತ್ತದೆ. ಆಟವನ್ನು ಅಷ್ಟು ಹಗುರವಾಗಿ ಕಾಣುವುದು ನಮ್ಮ ನಾಡಿನ ಸಂಪ್ರದಾಯವಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯ ನಡೆಯಲ್ಲಿ ಚಮತ್ಕಾರದ ಬಂಧಗಳನ್ನು ರಚಿಸಿದವರು, ಹೊಸಹೊಸ ಮಣೆಯಾಟಗಳನ್ನು ಕಲ್ಪಿಸಿದವರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳು ಇಂದಿಗೂ ಅದಕ್ಕೆ ಸಾಕ್ಷಿ. ಅತಿಯಾದರೆ ಆಟವೂ ಕೇಡು, ಓದೂ ಕೇಡು. ಅದಕ್ಕೆ ಮಿತಿ ಹಾಕಬೇಕಾದವರು ಹಾಕಲಿ. ಆದರೆ ಆಟಕ್ಕೆಂದು ಕಟ್ಟಿದ ಯಂತ್ರ ಆಟವೊಂದನ್ನೇ ಬಲ್ಲುದೆಂದು ಭಾವಿಸಬಾರದು. ಅದೇ ಕಾರ್ಡು ಎಂಜಿನಿಯರಿಂಗ್ ವಿದ್ಯಾರ್ಥಿಯ ಮೂರು ಆಯಾಮದ ನಕ್ಷೆಗೆ ಒದಗುತ್ತದೆ, ಕಿರುಚಿತ್ರದ ಸಂಕಲನಕ್ಕೆ ಒದಗುತ್ತದೆ, ಕಾರ್ಯಕ್ರಮ ರಚನೆಯ ಅಭ್ಯಾಸಕ್ಕೂ ಆಗುತ್ತದೆ. ಕೈಗೆ ಸಿಕ್ಕ ಮೊಬೈಲು ಕೆಟ್ಟರೆ ಎಸೆಯುವ ವಸ್ತು. ತಾನೇ ಕೂಡಿಸಿದ ಯಂತ್ರ ಕೆಟ್ಟರೆ ಬಿಚ್ಚಿ ನೋಡುವ ವಸ್ತು. ಬಿಚ್ಚಿ ನೋಡುವ ಧೈರ್ಯವಿಲ್ಲದ ಕಡೆ ವಿಜ್ಞಾನ ಪಠ್ಯಪುಸ್ತಕವಾಗಿಯೇ ಉಳಿಯುತ್ತದೆ.

ಕೂಡಿಸುವ ಕೆಲಸ ಜನ ಭಾವಿಸುವಷ್ಟು ಕಠಿನವಲ್ಲ. ಒಂದು ಸ್ಕ್ರೂಡ್ರೈವರು, ಒಂದು ಮಧ್ಯಾಹ್ನದ ತಾಳ್ಮೆ ಸಾಕು. ಸಾಮಾನ್ಯವಾದ ಲೋಪಗಳು ತೀರ ಸಣ್ಣವು. ಪರದೆಯ ಕೇಬಲ್ಲನ್ನು ಕಾರ್ಡಿಗೆ ಸಿಕ್ಕಿಸುವ ಬದಲು ಮದರ್‌ಬೋರ್ಡಿಗೆ ಸಿಕ್ಕಿಸಿ, ಕೊಂಡ ಕಾರ್ಡು ಕೆಲಸ ಮಾಡುತ್ತಿಲ್ಲವೆಂದು ಕೊರಗುವವರುಂಟು. ರ‍್ಯಾಮಿನ ಪೂರ್ಣ ವೇಗವನ್ನು ಬಯಾಸಿನಲ್ಲಿ ತೆರೆಯದೆ ವರ್ಷಗಟ್ಟಲೆ ಅರೆವೇಗದಲ್ಲಿ ಸಾಗುವವರುಂಟು. 144 ಹರ್ಟ್ಸ್‌ನ ಪರದೆಯನ್ನು ಕೊಂಡು ಅದನ್ನು 60ರಲ್ಲಿಯೇ ನಡೆಸುವವರೂ ಉಂಟು. ಇವೆಲ್ಲ ಓದಿದರೆ ತಪ್ಪುವ ಲೋಪಗಳು.

ಅಧ್ಯಾಪಕರಲ್ಲಿಯೂ ತಂದೆತಾಯಿಗಳಲ್ಲಿಯೂ ನನ್ನದೊಂದು ಸೂಚನೆ. ಯಂತ್ರ ಬೇಕೆಂದು ಕೇಳುವ ಹುಡುಗನಿಂದಾಗಲಿ ಹುಡುಗಿಯಿಂದಾಗಲಿ ಮೊದಲು ಒಂದು ಹಾಳೆ ಬರೆಸಿಕೊಳ್ಳಿ. ಯಾವ ಭಾಗ, ಎಷ್ಟು ಬೆಲೆ, ಅದೇ ಏಕೆ, ಅದಕ್ಕಿಂತ ಅಗ್ಗದ್ದು ಏಕೆ ಸಾಲದು, ದುಬಾರಿಯದು ಏಕೆ ಬೇಡ ಎಂದು ಕನ್ನಡದಲ್ಲಿಯೇ ಬರೆಯಲಿ. ಕಾರಣ ಹೇಳಲಾಗದ ಸಾಲನ್ನು ಹೊಡೆದುಹಾಕಲಿ. ಸಾಲುಗಳೆಲ್ಲ ನಿಂತರೆ, ಆ ಹಣವನ್ನು ಕೊಡಲು ಅಷ್ಟಾಗಿ ಅಂಜಬೇಕಾಗಿಲ್ಲ. ಅರವತ್ತು ಸಾವಿರ ರೂಪಾಯಿಗೆ ಕಾರಣಸಹಿತವಾಗಿ ಲೆಕ್ಕ ಕೊಡಬಲ್ಲ ಮಗು ಮುಂದೆ ಮನೆ ಕಟ್ಟುವ ದಿನವೂ ಪಾಯಕ್ಕೆ ಮೊದಲು, ಬಣ್ಣಕ್ಕೆ ಆಮೇಲೆ ಖರ್ಚುಮಾಡುತ್ತದೆ.